ಜಾಲತಾಣದ ಹೆಸರೂ ಗ್ರಾಮದ ಹಿತವೂ

ತೋಟದ ಉತ್ಪನ್ನವನ್ನು ಮಂಡಿಗೆ ಹಾಕದೆ ನೇರವಾಗಿ ಬಳಕೆದಾರರಿಗೆ ಮಾರುವ ಪದ್ಧತಿಯು ಈಚಿನ ವರ್ಷಗಳಲ್ಲಿ ನಮ್ಮ ಜಮೀನುದಾರರಲ್ಲಿಯೂ ರೂಢಿಗೆ ಬರುತ್ತಿರುವುದು ಸಂತೋಷದ ವಿಷಯ. ಬೆಲ್ಲ, ಕಾಫಿ, ಮೆಣಸಿನಕಾಯಿ, ಗಾಣದ ಎಣ್ಣೆ ಮುಂತಾದುವನ್ನು ಮಾರುವವರು ಅಂತರ್ಜಾಲದಲ್ಲಿ ಸ್ವಂತ ತಾಣವನ್ನು ತೆರೆಯುತ್ತಿದ್ದಾರೆ. ತಾಣದ ಅಂದಚಂದಕ್ಕೆ ಧಾರಾಳವಾಗಿ ವೆಚ್ಚಮಾಡುವ ಇವರು, ಅದರ ಹೆಸರನ್ನು, ಎಂದರೆ ಡೊಮೇನ್ ಎಂದು ಕರೆಯಲ್ಪಡುವ ವಿಳಾಸವನ್ನು, ಆರಿಸುವ ಕೆಲಸವನ್ನು ಮಾತ್ರ ಪಟ್ಟಣದ ಕೆಲಸಗಾರನಿಗೋ ಮನೆಯ ಹುಡುಗರಿಗೋ ಬಿಟ್ಟುಬಿಡುವರು. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಹೊಲದ ಎಲ್ಲೆಕಲ್ಲನ್ನು ನೆಡುವಾಗ ಯಜಮಾನನು ತಾನೇ ನಿಂತು ನೋಡುವಂತೆ, ಈ ಹೆಸರನ್ನು ಗೊತ್ತುಮಾಡುವಾಗಲೂ ತಾನೇ ನಿಲ್ಲತಕ್ಕದ್ದು.

ಹೆಸರು ಕಣ್ಣಿಗಿಂತ ಮೊದಲು ಕಿವಿಗೆ ಬೀಳುವಂಥದು. ಸಂತೆಯಲ್ಲಿಯೋ ಮದುವೆಯ ಮನೆಯಲ್ಲಿಯೋ ಒಬ್ಬರು ಮತ್ತೊಬ್ಬರಿಗೆ, "ಬೆಲ್ಲ ಬಹಳ ಚೆನ್ನಾಗಿದೆ, ಇಂಥ ಕಡೆಯಿಂದ ತರಿಸಿಕೊಳ್ಳಿ" ಎಂದು ಹೇಳುವರು. ಕೇಳಿದವರು ಮನೆಗೆ ಹೋಗಿ ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾಗುವುದು. ತೊಡಕು ಇಲ್ಲಿಯೇ ಇರುವುದು. ನಮ್ಮ ಲಿಪಿಯಲ್ಲಿ ಲಕಾರ ಬೇರೆ, ಳಕಾರ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಅಕ್ಷರ. "ಆಲೆಮನೆ" ಎಂಬುದನ್ನು ಒಂದು 'ಎ'ಯಿಂದ ಪ್ರಾರಂಭಿಸುವವರೂ ಉಂಟು, ಎರಡರಿಂದ ಪ್ರಾರಂಭಿಸುವವರೂ ಉಂಟು. "ತೋಟ" ಎಂಬಲ್ಲಿ 'ಟಿ'ಯ ಮುಂದೆ 'ಎಚ್' ಇರಬೇಕೇ ಬೇಡವೇ ಎಂಬುದು ಬರೆಯುವವರ ಅಭ್ಯಾಸಕ್ಕೆ ಬಿಟ್ಟ ಮಾತು. "ಬೆಲ್ಲ", "ಕಬ್ಬು" ಎಂಬಂಥ ಪದಗಳಲ್ಲಿ ಇಂಥ ಸಂಶಯಕ್ಕೆ ಅವಕಾಶ ಕಡಿಮೆ.

ಆದಕಾರಣ ಹೆಸರನ್ನು ಆರಿಸುವ ಮೊದಲು ಒಂದು ಸುಲಭವಾದ ಪರೀಕ್ಷೆಯನ್ನು ಮಾಡಬೇಕು. ವಯಸ್ಸಿನಲ್ಲಿಯೂ ಓದಿನಲ್ಲಿಯೂ ಭಿನ್ನರಾದ ಐದು ಮಂದಿಗೆ ದೂರವಾಣಿಯಲ್ಲಿ ಒಮ್ಮೆ ಮಾತ್ರ ಹೆಸರನ್ನು ಹೇಳಿ, ಬರೆದು ಕಳುಹಿಸುವಂತೆ ಕೇಳುವುದು. ಐವರೂ ಒಂದೇ ರೀತಿ ಬರೆದರೆ ಹೆಸರು ಯೋಗ್ಯವಾದುದು. ಮೂವರು ಮೂರು ಬಗೆಯಾಗಿ ಬರೆದರೆ, ಅದು ಎಷ್ಟೇ ಇಂಪಾಗಿದ್ದರೂ ಬಿಡತಕ್ಕದ್ದು. ಒಂದು ವಾರದ ನಂತರ ಆ ಹೆಸರು ಅವರ ನೆನಪಿನಲ್ಲಿದೆಯೇ ಎಂದು ವಿಚಾರಿಸುವುದೂ ಒಳ್ಳೆಯದು. ನಿಯಮದ ಪ್ರಕಾರ ಹೆಸರಿನಲ್ಲಿ 63 ಅಕ್ಷರಗಳವರೆಗೆ ಇರಬಹುದು; ಅಂಕಿಗಳನ್ನೂ ನಡುವೆ ಅಡ್ಡಗೆರೆಯನ್ನೂ ಸೇರಿಸಬಹುದು. ಆದರೆ ಅವಕಾಶವಿದೆಯೆಂದು ಉಪಯೋಗಿಸಬೇಕಾದುದಿಲ್ಲ. ಎರಡು ಚಿಕ್ಕ ಪದಗಳು ಸಾಕು. ಬಾಯಿಯಲ್ಲಿ ಹೇಳುವಾಗ ಅಡ್ಡಗೆರೆಯು ಬಿಟ್ಟುಹೋಗುವುದು. ಅಂಕಿಯನ್ನು ಅಂಕಿಯಾಗಿ ಬರೆಯಬೇಕೋ ಅಕ್ಷರಗಳಲ್ಲಿ ಬರೆಯಬೇಕೋ ತಿಳಿಯದು.

ಬೆಳೆಯ ಹೆಸರನ್ನೇ ಇಟ್ಟರೆ ಮತ್ತೊಂದು ಅನಾನುಕೂಲವುಂಟು. ಇಂದು ಕಬ್ಬು ಬೆಳೆಯುವವರು ನೀರಿನ ಅಭಾವದಿಂದ ಮುಂದೆ ತೆಂಗಿಗೆ ತಿರುಗಬಹುದು. ಆಗ ಬೆಲ್ಲದ ಹೆಸರಿನ ತಾಣದಲ್ಲಿ ಎಣ್ಣೆಯನ್ನು ಮಾರುವುದು ಹೇಗೆ? ಬೆಳೆ ಬದಲಾಗಬಹುದು, ನೆಲ ಬದಲಾಗದು. ಆದ್ದರಿಂದ ತೋಟದ ಹೆಸರನ್ನೋ ಮನೆತನದ ಹೆಸರನ್ನೋ ಆಶ್ರಯಿಸುವುದು ಮೇಲು.

ಊರಿನ ಹೆಸರನ್ನು ಉಪಯೋಗಿಸುವ ವಿಷಯದಲ್ಲಿ ಗ್ರಾಮದ ಮುಖಂಡರ ಗಮನವನ್ನು ವಿಶೇಷವಾಗಿ ಸೆಳೆಯಬೇಕಾಗಿದೆ. ಇಂಥ ಹೆಸರುಗಳು ಸಾಮಾನ್ಯವಾಗಿ ಮೊದಲು ಕೇಳಿದವರಿಗೆ ದೊರೆಯುವುವು. ಊರಿನವರನ್ನು ಯಾರೂ ಕೇಳುವುದಿಲ್ಲ. ದೂರದ ವ್ಯಾಪಾರಿಯೊಬ್ಬನು ನಿಮ್ಮ ಊರಿನ ಹೆಸರನ್ನು ಹಿಡಿದು ಬೇರೆ ಸೀಮೆಯ ಸರಕನ್ನು ಮಾರಿದರೆ, ಅಪಕೀರ್ತಿಯು ಊರಿಗೆ ಬರುವುದು. ಬ್ಯಾಡಗಿ ಮೆಣಸಿನಕಾಯಿಗೂ ಉಡುಪಿಯ ಮಟ್ಟುಗುಳ್ಳಕ್ಕೂ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತುದು, ಊರಿನ ಹೆಸರು ಬೆಳೆಗಾರರೆಲ್ಲರ ಸೊತ್ತು ಎಂಬ ತತ್ತ್ವದ ಮೇಲೆಯೇ. ಆದ್ದರಿಂದ ಊರಿನ ಹೆಸರನ್ನು ಸಹಕಾರ ಸಂಘವೋ ರೈತ ಉತ್ಪಾದಕರ ಸಂಸ್ಥೆಯೋ ಮೊದಲೇ ನೋಂದಾಯಿಸಿ ಇಟ್ಟುಕೊಳ್ಳುವಂತೆ ಮುಖಂಡರು ಏರ್ಪಡಿಸಬೇಕು. ಇದಕ್ಕೆ ತಗಲುವ ವೆಚ್ಚವು ಹೆಚ್ಚಿನದಲ್ಲ.

ಬೇರೆಯವರ ಹೆಸರಿಗೆ ಹತ್ತಿರವಾದ ಹೆಸರನ್ನು ಇಡುವುದೂ ಅಪಾಯಕರ. ಸತ್ಯಂ ಇನ್ಫೊವೇ ಸಂಸ್ಥೆಯವರು "ಸಿಫಿ" ಎಂಬ ಹೆಸರನ್ನು ಬಳಸುತ್ತಿದ್ದಾಗ, ಮತ್ತೊಂದು ಸಂಸ್ಥೆಯು ಒಂದು 'ಎಫ್' ಅಕ್ಷರವನ್ನು ಹೆಚ್ಚಿಗೆ ಸೇರಿಸಿ, ಕೊನೆಗೆ "ನೆಟ್" ಎಂದು ಜೋಡಿಸಿ ಹೆಸರಿಟ್ಟುಕೊಂಡಿತು. ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಪ್ರಾರಂಭವಾದ ಈ ವ್ಯಾಜ್ಯವು ಕರ್ನಾಟಕ ಹೈಕೋರ್ಟನ್ನು ದಾಟಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವ್ಯಾಪಾರದ ಗುರುತಿಗೆ ಇರುವ ರಕ್ಷಣೆಯು ಡೊಮೇನ್ ಹೆಸರಿಗೂ ಇರುವುದೆಂದು 2004ರಲ್ಲಿ ತೀರ್ಪಾಗಿ, ಮೊದಲಿನ ಸಂಸ್ಥೆಗೆ ಜಯವಾಯಿತು.

ಕೊನೆಯದಾಗಿ, ಖಾತೆಯ ಮಾತು. ಡೊಮೇನ್ ಎಂಬುದು ಕ್ರಯಕ್ಕೆ ಬರುವ ಸೊತ್ತಲ್ಲ. ಒಂದು ಬಾರಿಗೆ ಹೆಚ್ಚೆಂದರೆ 10 ವರ್ಷಗಳ ಗುತ್ತಿಗೆ. ನಾವು ಬಲ್ಲ ಜಮೀನುದಾರರೊಬ್ಬರ ತಾಣವು, ಅದನ್ನು ಕಟ್ಟಿಕೊಟ್ಟವನ ಹೆಸರಿನಲ್ಲಿಯೇ ನೋಂದಣಿಯಾಗಿತ್ತು. ಅವನು ಊರು ಬಿಟ್ಟನು. ನವೀಕರಣದ ಸೂಚನೆಗಳು ಅವನಿಗೇ ಹೋದುವು. ಅವಧಿ ಮುಗಿದು ಹೆಸರು ಪರರ ಪಾಲಾಯಿತು. ಬೆಲ್ಲದ ಪೊಟ್ಟಣಗಳ ಮೇಲೆಲ್ಲ ಅಚ್ಚಾಗಿದ್ದ ವಿಳಾಸವು ಅಂದಿನಿಂದ ಗಿರಾಕಿಗಳನ್ನು ಅಪರಿಚಿತರ ಬಾಗಿಲಿಗೆ ಕಳುಹಿಸತೊಡಗಿತು. ಪಹಣಿಯಲ್ಲಿ ಯಾರ ಹೆಸರಿದೆಯೆಂದು ನೋಡುವ ನಾವು ಇಲ್ಲಿಯೂ ಹಾಗೆಯೇ ನೋಡಬೇಡವೇ?

ಹೆಸರಿನ ಕೊನೆಯಲ್ಲಿ ಬರುವ "ಡಾಟ್ ಇನ್" ಎಂಬುದು 2005ರಿಂದ ಎಲ್ಲರಿಗೂ ಸುಲಭವಾಗಿ ದೊರೆಯುತ್ತಿದೆ. ನಮ್ಮ ದೇಶದಲ್ಲಿಯೇ ಮಾರುವವರಿಗೆ ಅದು ತಕ್ಕುದು. ಆದರೆ ಜನರು ಅಭ್ಯಾಸಬಲದಿಂದ "ಡಾಟ್ ಕಾಮ್" ಎಂದು ಒತ್ತುವುದರಿಂದ, ಸಾಧ್ಯವಾದರೆ ಎರಡನ್ನೂ ಹಿಡಿದಿಡುವುದು ಲೇಸು. ಕನ್ನಡ ಲಿಪಿಯಲ್ಲಿಯೇ "ಡಾಟ್ ಭಾರತ" ಎಂಬ ಹೆಸರೂ ದೊರೆಯುವುದು. ಅದರಲ್ಲಿ ಕಾಗುಣಿತದ ಸಂಶಯವಿಲ್ಲವಾದರೂ ಹೊರನಾಡಿನ ಗಿರಾಕಿಗೆ ಬರೆಯಲು ಬಾರದು. ಆದ್ದರಿಂದ ಅದನ್ನು ಜೊತೆಯ ಹೆಸರಾಗಿ ಇಟ್ಟುಕೊಳ್ಳಬಹುದು.

ಒಳ್ಳೆಯ ಸರಕಿಗೆ ಒಳ್ಳೆಯ ಹೆಸರು ಸೇರಿದರೆ ಗಿರಾಕಿಯು ದಾರಿ ತಪ್ಪದೆ ಮರಳಿ ಬರುವನು. ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಮುಂದಿನ ಸುಗ್ಗಿಗೆ ಮೊದಲೇ ತಂತಮ್ಮ ಸಂಘಗಳಲ್ಲಿ ಪರ್ಯಾಲೋಚಿಸುವರೆಂದು ನಂಬುತ್ತೇವೆ.