ನಾಯಿ-ಬೆಕ್ಕುಗಳ ಮಳೆ: ಫಾರ್ವರ್ಡ್ ಹೇಳುವ ಕಥೆ ನಿಜವೇ?

'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್' ಎಂದರೆ ಧಾರಾಕಾರ ಮಳೆ ಸುರಿಯುತ್ತಿದೆ ಎಂದರ್ಥ. ಹಿಂದೆ ಇಂಗ್ಲೆಂಡ್‌ನಲ್ಲಿ ನಾಯಿ, ಬೆಕ್ಕುಗಳು ಹುಲ್ಲಿನ ಮಾಡಿನಲ್ಲಿ ಮಲಗುತ್ತಿದ್ದವು, ಮಳೆ ಬಂದರೆ ಜಾರಿ ಬೀಳುತ್ತಿದ್ದವು, ಅದರಿಂದಲೇ ಈ ಮಾತು ಬಂತು ಎಂಬ ಸಂದೇಶವನ್ನು ನೀವೂ ನೋಡಿರಬಹುದು.

ಇದಕ್ಕೆ ಆಧಾರವಿಲ್ಲ. 1999ರಲ್ಲಿ ಇಮೇಲ್‌ನಲ್ಲಿ ಹರಿದಾಡಿದ ಸುಳ್ಳು ಬರಹವೊಂದು ಈ ಕಥೆಯನ್ನು ಎಲ್ಲೆಡೆ ಹಬ್ಬಿಸಿತು. ಮಳೆ ಬಂದಾಗ ನಾಯಿ ಹುಡುಕುವುದು ಜಗಲಿಯನ್ನು, ಮಾಡನ್ನಲ್ಲ! 17ನೇ ಶತಮಾನದ ಬರಹಗಳಲ್ಲೇ ಇಂಥ ಮಾತುಗಳಿವೆ. ಇಂದಿನ ರೂಪವನ್ನು ಜೊನಾಥನ್ ಸ್ವಿಫ್ಟ್ 1738ರಲ್ಲಿ ಬಳಸಿದ್ದಾರೆ. ಆದರೆ ಇದರ ಮೂಲ ಯಾವುದೆಂದು ಭಾಷಾತಜ್ಞರು ಇನ್ನೂ ನಿರ್ಧರಿಸಿಲ್ಲ.

'ಸೇವ್ಡ್ ಬೈ ದ ಬೆಲ್' ಎಂದರೆ ಕೊನೆ ಕ್ಷಣದಲ್ಲಿ ಪಾರಾಗುವುದು. ಜೀವಂತ ಹೂಳಲ್ಪಟ್ಟವರು ಶವಪೆಟ್ಟಿಗೆಯೊಳಗಿಂದ ಗಂಟೆ ಬಾರಿಸಿ ಬದುಕುತ್ತಿದ್ದರು ಎನ್ನುತ್ತದೆ ಅದೇ ಇಮೇಲ್. ವಾಸ್ತವದಲ್ಲಿ ಇದು ಬಾಕ್ಸಿಂಗ್ ಮಾತು. ಸುತ್ತು ಮುಗಿದ ಗಂಟೆ, ಸೋಲಲಿದ್ದ ಆಟಗಾರನನ್ನು ಉಳಿಸುತ್ತಿತ್ತು.

ನುಡಿಗಟ್ಟು ಬಳಸಲು ಅರ್ಥ ಗೊತ್ತಿದ್ದರೆ ಸಾಕು. 'ಕುಂಭದ್ರೋಣ ಮಳೆ' ಎನ್ನುವಾಗ ನಾವು ಕೊಡಗಳನ್ನು ಎಣಿಸುವುದಿಲ್ಲವಲ್ಲ! ಆದರೆ ಫಾರ್ವರ್ಡ್‌ನ ಕಥೆಯನ್ನು ಮಕ್ಕಳು ಇತಿಹಾಸವೆಂದೇ ನಂಬುತ್ತಾರೆ. ಹಾಗಾಗಿ ಅರ್ಥವನ್ನು ಧಾರಾಳವಾಗಿ ಹಂಚಿಕೊಳ್ಳಿ, ಕಥೆಯನ್ನು ಪರಿಶೀಲಿಸಿ.