ಫೋನ್ ಕರೆ ಮನೆಭೇಟಿಯಲ್ಲ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಜಾರಿಯಾದಾಗ ಅಂಗನವಾಡಿಗಳಿಗೂ ಬೀಗ ಬಿತ್ತು. ರಾಜ್ಯದಲ್ಲಿ ಅವು ಮಕ್ಕಳಿಗೆ ಮತ್ತೆ ತೆರೆದದ್ದು 2021ರ ನವೆಂಬರ್‌ನಲ್ಲಿ. ಆ ಅವಧಿಯಲ್ಲಿ ಆಹಾರಧಾನ್ಯ ಮನೆಬಾಗಿಲಿಗೆ ತಲುಪಿತು; ತಾಯಂದಿರಿಗೆ ಹೇಳಬೇಕಾದ ತಿಳಿವಳಿಕೆಯ ಮಾತು ಬಹುಮಟ್ಟಿಗೆ ಫೋನು, ವಾಟ್ಸ್‌ಆ್ಯಪ್‌ಗಳ ಪಾಲಾಯಿತು. ಅಂದಿಗೆ ಅದು ಅನಿವಾರ್ಯ. ಅದನ್ನೇ ಕಾಯಂಗೊಳಿಸಿದರೆ ಖರ್ಚು ಉಳಿಯುತ್ತದೆ ಎನ್ನುವವರ ಲೆಕ್ಕವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ಒಪ್ಪಲಾರೆ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಅಳೆಯಲು ಬೇಕಾದದ್ದು ಒಂದು ಪಟ್ಟಿ, ಮಗುವಿನ ಪಕ್ಕದಲ್ಲಿ ಕೂರುವ ಒಬ್ಬ ಕಾರ್ಯಕರ್ತೆ. ಫೋನಿನಲ್ಲಿ ‘ಮಗು ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬಂದೀತು. ಆ ಫೋನಾದರೂ ಯಾರ ಕೈಯಲ್ಲಿರುತ್ತದೆ? ಎಂಪಿಎಂ ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ ಬಳಿಕ ಭದ್ರಾವತಿಯಲ್ಲಿ ದಿನಗೂಲಿ ನಂಬಿದ ಸಂಸಾರಗಳಿಗೆ ಕೊರತೆಯಿಲ್ಲ. ಓಲ್ಡ್ ಟೌನ್‌ನ ಅಂಥ ಮನೆಗಳಲ್ಲಿ ಇರುವ ಒಂದೇ ಸ್ಮಾರ್ಟ್‌ಫೋನ್ ಬೆಳಿಗ್ಗೆಯೇ ಗಂಡನ ಜೇಬಿನಲ್ಲಿ ಕೆಲಸಕ್ಕೆ ಹೊರಟಿರುತ್ತದೆ.

2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಕಾರ್ಯಕರ್ತೆಯರಿಗೆ ದಾಖಲಿಸುವ ಕೆಲಸವನ್ನೂ ಹೊರಿಸಿತು. ನಮೂನೆ ತುಂಬಿದರೆ ಕೆಲಸ ಮುಗಿಯಿತೆಂದು ತಿಳಿಯುವುದು ಸರ್ಕಾರಿ ಕಚೇರಿಗಳ ಹಳೆಯ ಜಾಡ್ಯ. ಮೊಬೈಲ್ ಅದನ್ನು ವಾಸಿ ಮಾಡಿಲ್ಲ.

ಮಗುವಿನ 3, 6, 9, 12 ಮತ್ತು 15ನೇ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಹೋಗಬೇಕೆಂಬ ಕಾರ್ಯಕ್ರಮ 2018ರಿಂದಲೇ ಇದೆ. ಲಸಿಕೆಯ ದಿನ ನೆನಪಿಸಲು ಫೋನ್ ಬಳಸಲಿ. ಆದರೆ ಆ ಐದು ಭೇಟಿಗಳಲ್ಲಿ ಒಂದನ್ನೂ ಕರೆಯ ಲೆಕ್ಕದಲ್ಲಿ ತೀರಿಸಕೂಡದೆಂದು ಸರ್ಕಾರ ಲಿಖಿತ ಆದೇಶ ಹೊರಡಿಸಬೇಕು; ಓಡಾಟದ ವೆಚ್ಚವನ್ನು ಅದೇ ತಿಂಗಳು ಪಾವತಿಸಬೇಕು.