ಹಿತ್ತಲ ಗಿಡ: ತುಳಸಿಯಲ್ಲದ ತುಳಸಿ, ಕ್ರೋಟನ್ ಅಲ್ಲದ ಕ್ರೋಟನ್

ಸೋದರಿಯರೇ, ಈ ಸಲ ಗಿಡದ ಮಾತಿಗೆ ಮುಂಚೆ ನನ್ನದೊಂದು ತಪ್ಪೊಪ್ಪಿಗೆ. ಹಿಂದೊಮ್ಮೆ ಇದೇ ಪುಟದಲ್ಲಿ ಕೆಮ್ಮಿಗೆ ತುಳಸಿ ಕಷಾಯ ಮಾಡುವ ಬಗೆ ಬರೆದಿದ್ದೆ. ಕೊನೆಯಲ್ಲಿ, "ತುಳಸಿ ಸಿಗದಿದ್ದರೆ ಕಾಡುತುಳಸಿಯಾದರೂ ಆದೀತು" ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿನಿಂದ ಏನಾಗುವುದರಲ್ಲಿತ್ತು, ಕೇಳಿ.

ನಮ್ಮದು ಬಸವನಗುಡಿಯ ಹಳೇ ಮನೆ. 1898ರ ಪ್ಲೇಗಿನ ನಂತರ ಗಾಳಿ ಬೆಳಕು ಬರಲೆಂದು ಕಟ್ಟಿದ ಬಡಾವಣೆಯಾದ್ದರಿಂದ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ ಇದೆ. ಅಲ್ಲಿ ಮಳೆ ಬಿದ್ದರೆ ಸಾಕು, ಯಾರೂ ಬಿತ್ತದ ಗಿಡಗಳೆಲ್ಲ ಹುಟ್ಟಿಕೊಳ್ಳುತ್ತವೆ. ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಹಿರಿಯಾಕೆ, ನಾವೆಲ್ಲ ದೊಡ್ಡಮ್ಮ ಅಂತೀವಿ, ಒಂದು ಹಿಡಿ ಸೊಪ್ಪು ಹಿಡಿದುಕೊಂಡು ಬಂದರು.

"ನೋಡಮ್ಮ, ನೀನು ಬರೆದಿದ್ದೆಯಲ್ಲ, ಅದೇ ಇದು. ನಾವು ಕಲ್ಕತ್ತೆಯಲ್ಲಿದ್ದಾಗ ಇದನ್ನ ಬನತುಳಸಿ ಅಂತಿದ್ರು. ಮಗೂಗೆ ಎರಡು ದಿನದಿಂದ ಕೆಮ್ಮು. ನೀರು ಕಾಯೋಕೆ ಇಟ್ಟೇ ಬಂದಿದೀನಿ, ಎಷ್ಟು ಎಲೆ ಹಾಕಲಿ?"

ಒಂದು ಎಲೆ ಹಿಸುಕಿ ಮೂಸಿದೆ. ತುಳಸಿಯ ಘಮವಿಲ್ಲ. ಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸಿದೆ. ದುಂಡಗೆ ಉರುಳಿತು. ಎದೆ ಧಸಕ್ಕೆಂದಿತು. "ದೊಡ್ಡಮ್ಮ, ಮೊದಲು ಒಲೆ ಆರಿಸಿ ಬನ್ನಿ" ಅಂದೆ.

ಆ ಗಿಡ ಕ್ರೋಟನ್. ಪೂರ್ತಿ ಹೆಸರು ಕ್ರೋಟನ್ ಬಾನ್‌ಪ್ಲಾಂಡಿಯಾನಸ್. ದಕ್ಷಿಣ ಅಮೆರಿಕ ಇದರ ತವರು. ಆ ಖಂಡವನ್ನೆಲ್ಲ ಸುತ್ತಿದ ಬಾನ್‌ಪ್ಲಾಂಡ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನ ಹೆಸರನ್ನು ಇದಕ್ಕಿಟ್ಟಿದ್ದಾರೆ. ಈಗ ನಮ್ಮೂರ ಖಾಲಿ ಸೈಟು, ರೈಲು ಹಳಿಯ ಪಕ್ಕ, ಚರಂಡಿ ದಂಡೆ ಎಲ್ಲಾ ಕಡೆ ಇದೇ. ತುದಿಯಲ್ಲಿ ನೆಟ್ಟಗೆ ನಿಂತ ಹೂಗೊಂಚಲು ದೂರದಿಂದ ತುಳಸಿ ಕದಿರಿನ ಹಾಗೇ ಕಾಣುತ್ತದೆ. ಉತ್ತರದವರು ಬನತುಳಸಿ ಎಂದದ್ದು ಅದಕ್ಕೇ. ಆದರೆ ತುಳಸಿಗೂ ಇದಕ್ಕೂ ಯಾವ ನಂಟೂ ಇಲ್ಲ. ಇದು ಹರಳು, ಮರಗೆಣಸು, ಕಳ್ಳಿಗಳ ಕುಟುಂಬ. ಇದರ ಬೀಜದಲ್ಲಿ ಚರ್ಮ ಕೆರಳಿಸುವ ವಸ್ತು ಇದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಂಥದ್ದನ್ನು ಮಗುವಿನ ಬಾಯಿಗೆ ಹಾಕುವುದುಂಟೇ?

ಮಗಳ ಬಿ.ಎಸ್ಸಿ. ಕಾಲದ ಭೂತಗನ್ನಡಿ ತೆಗೆದು ದೊಡ್ಡಮ್ಮನ ಜೊತೆ ಕೂತು ಎರಡನ್ನೂ ಹೋಲಿಸಿದೆ. ನೀವೂ ಹೀಗೆ ನೋಡಿ:

ಕಾಂಡ: ತುಳಸಿ, ನಾಯಿತುಳಸಿ, ಕಾಮಕಸ್ತೂರಿ, ಈ ಮೂರರದೂ ಎಳೆ ಕಾಂಡ ಚೌಕ. ಹೊರಳಿಸಿದರೆ ನಾಲ್ಕು ಅಂಚು ಬೆರಳಿಗೆ ತಿಳಿಯುತ್ತದೆ. ಕ್ರೋಟನ್ನಿನದು ದುಂಡು.

ಎಲೆ: ತುಳಸಿಯಲ್ಲಿ ಜೋಡಿ ಜೋಡಿ, ಎದುರುಬದುರು. ಕ್ರೋಟನ್ನಿನಲ್ಲಿ ಒಂದಾದ ಮೇಲೆ ಒಂದು. ಅಂಚಿನ ಗರಗಸ ಎರಡರಲ್ಲೂ ಇರುವುದರಿಂದ ಅದನ್ನು ನಂಬಬೇಡಿ. ಎಲೆಯೂ ತೊಟ್ಟೂ ಸೇರುವ ಕಡೆ ಭೂತಗನ್ನಡಿ ಹಿಡಿಯಿರಿ. ಕ್ರೋಟನ್ನಿಗೆ ಅಲ್ಲಿ ಆಚೆಗೊಂದು ಈಚೆಗೊಂದು ಸಣ್ಣ ಗುಳ್ಳೆ. ತುಳಸಿಗೆ ಅದಿಲ್ಲ.

ಕೊಂಬೆ: ಹೂಗೊಂಚಲಿನ ಬುಡದಿಂದ ಕ್ರೋಟನ್ನಿನ ಕೊಂಬೆಗಳು ಕೊಡೆಯ ಕಡ್ಡಿಗಳಂತೆ ಒಂದೇ ಕಡೆಯಿಂದ ಹೊರಡುತ್ತವೆ.

ಹೂವು, ಕಾಯಿ: ತುಳಸಿ ಹೂ ಕದಿರಿನ ಸುತ್ತ ಬಳೆ ಬಳೆಯಾಗಿ ಕೂತಿರುತ್ತದೆ. ಕ್ರೋಟನ್ನಿನಲ್ಲಿ ಕೆಳಗಡೆ ಕೆಲವು ಹಸಿರು ಹೆಣ್ಣು ಹೂ, ಮೇಲುಗಡೆ ಚಿಕ್ಕ ಬಿಳಿ ಗಂಡು ಹೂಗಳು. ಹೆಣ್ಣು ಹೂವೇ ಮೂರು ಹೋಳಿನ ಪುಟ್ಟ ಕಾಯಿಯಾಗುತ್ತದೆ, ಮುಳ್ಳಿಲ್ಲದ ಹರಳುಕಾಯಿಯ ಹಾಗೆ. ಒಣಗಿದರೆ ಚಟ್ಟೆಂದು ಸಿಡಿದು ಬೀಜ ದೂರ ಹಾರುತ್ತದೆ. ಬೀಜ ಹಸುವಿನ ಮೈಮೇಲಿನ ಉಣ್ಣೆಯಂತೆ ಕಾಣುತ್ತದೆ. ಗ್ರೀಕಿನಲ್ಲಿ ಕ್ರೋಟನ್ ಎಂದರೆ ಉಣ್ಣೆ ಎಂದೇ ಅರ್ಥವಂತೆ!

ಇದಕ್ಕೆ ಇನ್ನೂ ಕೆಲವು ಒಡಹುಟ್ಟಿದವರಿದ್ದಾರೆ. ಕೇರಳ, ಕರಾವಳಿಯ ಕಡೆ ರಸ್ತೆಬದಿಯಲ್ಲಿ ಕಾಣುವ ಕ್ರೋಟನ್ ಹಿರ್ಟಸ್‌ನ ಮೈಯೆಲ್ಲ ಒರಟು ರೋಮ. ಎಲೆ ಅಗಲ, ಹೂಗೊಂಚಲು ಗಿಡ್ಡ, ಒತ್ತೊತ್ತು. ನಮ್ಮ ಓಣಿಯದು ಅದರ ಪಕ್ಕದಲ್ಲಿಟ್ಟರೆ ನುಣುಪೇ ಸರಿ. ಮೂರನೆಯದು ಎಲ್ಲರಿಗೂ ಹೆಸರು ಗೊತ್ತಿರುವ ಜಾಪಾಳ. ಅದು ಕಳೆಯಲ್ಲ, ಸಣ್ಣ ಮರ. ಎಲೆ ದೊಡ್ಡದು, ಬುಡದಲ್ಲಿ ಅದೇ ಎರಡು ಗುಳ್ಳೆ, ಅದೇ ಮೂರು ಹೋಳಿನ ಕಾಯಿ. ಬೀಜ ಹರಳಿನ ಅಳತೆಯದಾದರೂ ಆ ಹೊಳಪು, ಚಿತ್ತಾರ ಇಲ್ಲ, ಮಂಕು ಕಂದು. ಅದರ ಎಣ್ಣೆ ಕೆಲವೇ ತೊಟ್ಟು ಹೊಟ್ಟೆಗೆ ಹೋದರೂ ಭಾರಿ ಬೇಧಿ, ಮೈಗೆ ತಾಗಿದರೆ ಬೊಬ್ಬೆ. ವೈದ್ಯರೇ ಶುದ್ಧಿ ಮಾಡದೆ ಬಳಸುವುದಿಲ್ಲ. ಗ್ರಂಥಿಗೆ ಅಂಗಡಿಯಿಂದ ತಂದು ಮನೆಮದ್ದು ಮಾಡುವ ಸಾಹಸ ಬೇಡವೇ ಬೇಡ.

"ಹಾಗಾದ್ರೆ ನಮ್ಮ ಕಾಂಪೌಂಡಿನ ಬಣ್ಣದ ಕ್ರೋಟನ್?" ಅಂತ ದೊಡ್ಡಮ್ಮ ಕೇಳಿದರು. ಒಳ್ಳೇ ಪ್ರಶ್ನೆ. ಅದು ಕ್ರೋಟನ್ನೇ ಅಲ್ಲ! 1753ರಲ್ಲಿ ಲಿನೇಯಸ್ ಅದನ್ನೂ ಕ್ರೋಟನ್ ಎಂದೇ ಕರೆದಿದ್ದ. 1824ರಲ್ಲಿ ಅದಕ್ಕೆ ಕೋಡಿಯಮ್ ಎಂಬ ಬೇರೆ ಹೆಸರಾಯಿತು, ಆದರೆ ನರ್ಸರಿಯವರ ಬಾಯಲ್ಲಿ ಹಳೇ ಹೆಸರೇ ಉಳಿಯಿತು. ಅದರ ಎಲೆ ದಪ್ಪ, ನುಣುಪು, ಅಂಚಿಗೆ ಗರಗಸವಿಲ್ಲ, ಬುಡದಲ್ಲಿ ಗುಳ್ಳೆಗಳಿಲ್ಲ. ಗಂಡು ಹೂವಿಗೂ ಹೆಣ್ಣು ಹೂವಿಗೂ ಬೇರೆ ಬೇರೆ ಗೊಂಚಲು. ಕುಟುಂಬ ಮಾತ್ರ ಒಂದೇ, ಆದ್ದರಿಂದ ಅದನ್ನೂ ಮಕ್ಕಳು ಕಚ್ಚದಂತೆ ನೋಡಿಕೊಳ್ಳಿ.

ಓಣಿಯ ಗಿಡ ಕೀಳುವುದಾದರೆ ಕಾಯಿ ಬಲಿಯುವ ಮುಂಚೆ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕೀಳಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ, ಅಲ್ಲಿಯವರೆಗೆ ಕಣ್ಣು ಮುಟ್ಟಬೇಡಿ. ಮಗು ಬೀಜ ನುಂಗಿತೆಂದು ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಿಡದ ಒಂದು ಕೊಂಬೆಯೂ ಜೊತೆಗಿರಲಿ.

ಆ ದಿನ ದೊಡ್ಡಮ್ಮ ಮೊಮ್ಮಗನನ್ನು ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದರು. ಸಂಜೆ ನಮ್ಮ ಬೃಂದಾವನದಿಂದ ನಾಲ್ಕು ದಳ ತುಳಸಿ ಕೊಟ್ಟೆ. ತೊಗೊಂಡವರು ಮೊದಲು ಮಾಡಿದ್ದೇನು ಗೊತ್ತೇ? ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿ ನೋಡಿದರು!

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಹಂಗಿಸಲಿಕ್ಕೇ ಬಳಸುತ್ತೇವೆ. ಕೆಲವು ಗಿಡಗಳ ಮಟ್ಟಿಗೆ ಅದು ಅಕ್ಷರಶಃ ನಿಜ. ನನ್ನ ಆ ಹಳೇ ಪುಟವನ್ನು ಕತ್ತರಿಸಿ ಇಟ್ಟುಕೊಂಡವರು ದಯವಿಟ್ಟು ಕಾಡುತುಳಸಿಯ ಸಾಲನ್ನು ಈಗಲೇ ಹೊಡೆದುಹಾಕಿ. ಮುಂದಿನ ಸಂಚಿಕೆಯಲ್ಲಿ ಕುಪ್ಪಿಗಿಡದ ವಿಷಯ.